ಕಲ್ಲುಗುಂಡಿಯಲ್ಲಿ ಎಷ್ಟು ಅಕ್ಷರ?

ಮಕ್ಕಳೇ, ಮೊದಲಿಗೆ ಒಂದು ಬೆರಳೆಣಿಕೆಯ ಲೆಕ್ಕ. 'ಕಲ್ಲುಗುಂಡಿ' ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಕ, ಲ್ಲು, ಗುಂ, ಡಿ. ನಾಲ್ಕು. ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿರುವ ಅಜ್ಜಿಯನ್ನು ಕೇಳಿ ನೋಡಿ, ಅವರೂ ನಾಲ್ಕೇ ಎನ್ನುತ್ತಾರೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿರದಿದ್ದರೂ ಉತ್ತರ ಬದಲಾಗದು. ಇದು ಬಾಯಿಯ ಲೆಕ್ಕ. ಈಗ ಅದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೇಳಿ. ಅದು ಹತ್ತು ಎನ್ನುತ್ತದೆ.

ಕಲ್ಲುಗುಂಡಿ ಎಂದರೆ ನಮ್ಮೂರು. ಸುಳ್ಯ ತಾಲೂಕಿನಲ್ಲಿ, ಮಾಣಿ–ಮೈಸೂರು ಹೆದ್ದಾರಿಯ ಬದಿಯಲ್ಲಿ, ಪಯಸ್ವಿನಿ ಹೊಳೆಯ ಮಗ್ಗುಲಲ್ಲಿರುವ ಸಣ್ಣ ಪೇಟೆ. ಇಷ್ಟು ಸಣ್ಣ ಊರಿನ ಹೆಸರಿಗೆ ಹತ್ತು ಅಕ್ಷರ ಎಲ್ಲಿಂದ ಬಂತು?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಏರ್ಪಾಡು ಮಾಡಿದ್ದಾರೆ. ಅದರ ಹೆಸರು ಯೂನಿಕೋಡ್. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿಯನ್ನೇ ಬಿಟ್ಟುಕೊಟ್ಟಿದ್ದಾರೆ. ಎಲ್ಲ ಮನೆಗಳಲ್ಲೂ ಒಕ್ಕಲಿಲ್ಲ, ಕೆಲವು ಖಾಲಿ. 'ಕ'ಗೆ ಒಂದು ಮನೆ, 'ಲ'ಗೆ ಒಂದು ಮನೆ. ಕೊಂಬಿಗೂ ಗುಡಿಸಿಗೂ ಸೊನ್ನೆಗೂ ಪ್ರತ್ಯೇಕ ಮನೆ. ವ್ಯಂಜನದ ಒಳಗಿನ 'ಅ'ಕಾರವನ್ನು ತೆಗೆದು ಅರ್ಧಾಕ್ಷರ ಮಾಡುವ ಚಿಹ್ನೆಗೂ ಒಂದು ಮನೆ. ಆದರೆ ಒತ್ತಕ್ಷರಗಳಿಗೆ ಮನೆ ಇಲ್ಲ. 'ಲ್ಲು' ಬೇಕಾದರೆ ಲ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಲ, ಕೊಂಬು, ಹೀಗೆ ನಾಲ್ಕು ಮನೆಯವರನ್ನು ಕರೆಯಬೇಕು. 'ಗುಂ' ಎನ್ನುವುದಕ್ಕೆ ಮೂವರು, 'ಡಿ'ಗೆ ಇಬ್ಬರು, ಮೊದಲಿನ 'ಕ' ಒಬ್ಬನೇ. ಕೂಡಿಸಿ ನೋಡಿ, ಹತ್ತು.

ಕಂಪ್ಯೂಟರಿನ ಲೆಕ್ಕ ತಪ್ಪೆನ್ನುವ ಹಾಗಿಲ್ಲ. ಮನೆಯಲ್ಲಿ ಎಷ್ಟು ಕೋಣೆಗಳಿವೆ ಎಂದು ಕೇಳಿದರೆ ಕೆಂಪುಕಲ್ಲನ್ನೂ ಹಂಚನ್ನೂ ಎಣಿಸಿ ಹೇಳಿದ ಹಾಗೆ, ಅಷ್ಟೇ. ನಾವು ಕೋಣೆ ಎಣಿಸುತ್ತೇವೆ, ಅದು ಕೋಣೆ ಕಟ್ಟಿದ ಸಾಮಾನು ಎಣಿಸುತ್ತದೆ. ದಿನನಿತ್ಯದ ಕೆಲಸಕ್ಕೆ ಇದರಿಂದ ತೊಂದರೆಯೇನೂ ಇಲ್ಲ. ತೊಂದರೆ ಶುರುವಾಗುವುದು ಸಾಲು ಮುರಿಯುವಾಗ.

ನನ್ನ ಪುಳ್ಳಿ (ಘಟ್ಟದ ಮೇಲಿನವರು ಮೊಮ್ಮಗಳು ಎನ್ನುತ್ತಾರೆ) ಒಂಬತ್ತನೆಯ ತರಗತಿ. ಪೈಥಾನ್ ಎಂಬ ಭಾಷೆಯಲ್ಲಿ ಕಂಪ್ಯೂಟರಿಗೆ ಪಾಠ ಹೇಳಲು ಕಲಿಯುತ್ತಿದ್ದಾಳೆ. ಉದ್ದದ ಬರಹವನ್ನು ಒಂದೇ ಅಗಲದ ಸಾಲುಗಳಾಗಿ ಮಡಚಿಕೊಡುವ 'ಟೆಕ್ಸ್ಟ್‌ವ್ರ್ಯಾಪ್' ಎಂಬ ಸಿದ್ಧ ಸಲಕರಣೆ ಅದರಲ್ಲಿದೆ. ನಾವು ಅಗಲ ಹೇಳದಿದ್ದರೆ ಅದು 70 ಎಂದು ಇಟ್ಟುಕೊಳ್ಳುತ್ತದೆ. ಪುಳ್ಳಿ ಪರೀಕ್ಷೆ ಮಾಡಲೆಂದು 'ಕಲ್ಲುಗುಂಡಿ' ಎಂದು ಕೊಟ್ಟು ಅಗಲ 4 ಎಂದಳು. ನಾಲ್ಕು ಅಕ್ಷರದ ಊರು, ನಾಲ್ಕರ ಅಗಲ, ಸರಿಯಾಗಿ ಒಂದು ಸಾಲು ಬರಬೇಕು. ಬಂದದ್ದು ಮೂರು ಸಾಲು:

ಕಲ್ಲ
◌ುಗುಂ
ಡಿ

"ಅಜ್ಜಾ, ಊರು ಒಡೆದುಹೋಯ್ತು!" ಎಂದು ಕೂಗಿದಳು. ಎರಡನೆಯ ಸಾಲಿನ ಮೊದಲಲ್ಲಿ ಚುಕ್ಕೆಗಳ ಒಂದು ಬಳೆ ಕಾಣುತ್ತದಲ್ಲ? ತಾನು ಸೇರಬೇಕಾದ ವ್ಯಂಜನ ಮೇಲಿನ ಸಾಲಿನಲ್ಲೇ ಉಳಿದು ಕೊಂಬು ಒಂಟಿಯಾಗಿದೆ ಎಂಬುದಕ್ಕೆ ಅದು ಗುರುತು. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟರೂ ಮೂರು ತುಂಡೇ ಆಗುತ್ತದೆ, ಅಲ್ಲಿಯೂ ಹತ್ತು ಅಕ್ಷರ. ಆದರೆ ಅಲ್ಲಿ ಪದ ಒಡೆಯುತ್ತದೆಯೇ ಹೊರತು ಅಕ್ಷರ ಒಡೆಯುವುದಿಲ್ಲ. ನಮ್ಮಲ್ಲಿ ಅಕ್ಷರವೇ ಸೀಳಿತು.

ಪದ ಒಡೆಯುವುದು ಕನ್ನಡಕ್ಕೆ ಹೊಸತಲ್ಲ. ಕಲ್ಲಿನ ಅಗಲ ಎಷ್ಟೋ ಅಷ್ಟೇ. ಶಾಸನ ಕೆತ್ತುವವನು ಕಲ್ಲಿನ ಅಂಚು ಬಂದ ಕೂಡಲೇ ಪದದ ನಡುವೆಯೇ ನಿಲ್ಲಿಸಿ ಕೆಳಗಿನ ಸಾಲಿನಲ್ಲಿ ಮುಂದುವರಿಸುತ್ತಿದ್ದ. ಓಲೆಗರಿಯಲ್ಲೂ ಹಾಗೆಯೇ. ಅಲ್ಲಿ ಅಂಚು ಮಾತ್ರವಲ್ಲ, ದಾರ ಪೋಣಿಸುವ ತೂತು ಕೂಡ ಅಡ್ಡ ಬರುತ್ತದೆ. ತೂತಿನ ಸುತ್ತ ಜಾಗ ಬಿಟ್ಟು ಬರೆಯಬೇಕು. ಪದಗಳ ನಡುವೆ ಜಾಗ ಬಿಡುವ ಅಭ್ಯಾಸವೂ ಆಗ ಇರಲಿಲ್ಲ. ಇಷ್ಟೆಲ್ಲ ಇಕ್ಕಟ್ಟಿನಲ್ಲೂ ಒತ್ತಕ್ಷರ ಮಾತ್ರ ತನ್ನ ಒಡೆಯನನ್ನು ಬಿಟ್ಟು ಕೆಳಗಿನ ಸಾಲಿಗೆ ಹೋಗುವ ಪ್ರಶ್ನೆ ಇರಲಿಲ್ಲ. ಒತ್ತು ಇರುವುದೇ ಅಕ್ಷರದ ಕಾಲಬುಡದಲ್ಲಿ. ಕೈ ಎತ್ತದೆ ಬರೆದುಬಿಡುವ ವಸ್ತು ಅದು.

ಹಾಡಿನಲ್ಲಿಯೂ ಇದೇ. ನಮ್ಮ ಕಡೆ ಯಕ್ಷಗಾನದಲ್ಲಿ ಭಾಗವತರು ಭಾಮಿನಿ ಷಟ್ಪದಿ ಹಾಡುವುದನ್ನು ಕೇಳದ ಮಕ್ಕಳು ಕಡಿಮೆ. ಆ ಷಟ್ಪದಿ ನಿಜಕ್ಕೂ ಅಗಲ ಗೊತ್ತುಮಾಡಿದ ಬರಹ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ 23 ಮಾತ್ರೆ. ಒಟ್ಟು 102. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ಈ ಅಗಲದಲ್ಲಿ ಹೇಳಿದ. 14 ತುಂಬಿದ ಕೂಡಲೇ ಪದ ಅರ್ಧದಲ್ಲಿದ್ದರೂ ಚಿಂತೆಯಿಲ್ಲ, ಉಳಿದ ಅರ್ಧ ಮುಂದಿನ ಸಾಲಿಗೆ ಹೋಗುತ್ತದೆ. ಆದರೆ ಅಲ್ಲಿ ಎಣಿಸುವುದು ಅಕ್ಷರವನ್ನಲ್ಲ, ಮಾತ್ರೆಯನ್ನು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನದಕ್ಕೂ ಸೊನ್ನೆ ಇರುವುದಕ್ಕೂ ಎರಡು. ಕಲ್ಲುಗುಂಡಿಗೆ ಹಾಕಿ ನೋಡೋಣ. ಕ ಎರಡು (ಮುಂದೆ ಒತ್ತಕ್ಷರ ಇದೆ), ಲ್ಲು ಒಂದು, ಗುಂ ಎರಡು, ಡಿ ಒಂದು. ಆರು ಮಾತ್ರೆ. ಹಾಗಾದರೆ ನಮ್ಮೂರಿಗೆ ಮೂರು ಅಳತೆಗಳಾದುವು. ಬಾಯಿಗೆ ನಾಲ್ಕು, ತಾಳಕ್ಕೆ ಆರು, ಕಂಪ್ಯೂಟರಿಗೆ ಹತ್ತು.

ಮುದ್ರಣ ಬಂದ ಮೇಲೆ ಅಗಲ ಇನ್ನಷ್ಟು ಬಿಗಿಯಾಯಿತು. 1843ರಲ್ಲಿ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನದು. ಕೈಬರಹವನ್ನೇ ಕಲ್ಲಿಗೆ ಇಳಿಸಿ ಅಚ್ಚೊತ್ತುವ ಕ್ರಮ ಅದು. ಕೈಬರಹದಲ್ಲಿ ಸಾಲು ಮುಗಿಯುತ್ತ ಬಂದರೆ ಅಕ್ಷರಗಳನ್ನು ಸ್ವಲ್ಪ ಒತ್ತೊತ್ತಾಗಿ ಬರೆದು ಸುಧಾರಿಸಬಹುದು. ಸೀಸದ ಮೊಳೆಗಳಲ್ಲಿ ಆ ಸಡಿಲ ಇಲ್ಲ. ಮೊಳೆ ಜೋಡಿಸುವವರ ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್ ಎಂಬ ಸಣ್ಣ ಲೋಹದ ತಟ್ಟೆ ಇರುತ್ತಿತ್ತು. ಅಗಲವನ್ನು ಮೊದಲೇ ಬಿಗಿಮಾಡಿಟ್ಟು, ಒಂದೊಂದೇ ಮೊಳೆ ಇಡುತ್ತ ಹೋಗುವುದು. ಸಾಲು ತುಂಬಿತು ಎನ್ನುವಾಗ ಅವರು ಕ್ಷಣ ನಿಲ್ಲುತ್ತಿದ್ದರು. ಮುಂದಿನ ಪದ ಹಿಡಿಯುತ್ತದೆಯೇ? ಇಲ್ಲವಾದರೆ ಎಲ್ಲಿ ಮುರಿಯಲಿ? ಅಡ್ಡಗೆರೆ ಹಾಕಿ ಮುರಿಯಲೇ, ಪದಗಳ ನಡುವಿನ ಜಾಗ ಹಿಗ್ಗಿಸಿ ಇಡೀ ಪದವನ್ನೇ ಕೆಳಗೆ ತಳ್ಳಲೇ? ನಮ್ಮ ಪೇಟೆಗಳ ಸಣ್ಣ ಅಚ್ಚುಕೂಟಗಳಲ್ಲಿ ಮದುವೆ ಕಾಗದ, ಕೋಲದ ಆಮಂತ್ರಣ ಜೋಡಿಸುತ್ತಿದ್ದವರು ದಿನಕ್ಕೆ ನೂರಾರು ಬಾರಿ ಈ ತೀರ್ಮಾನ ಮಾಡುತ್ತಿದ್ದರು. ಅವರ ಕೈ ಬೆರಳುಗಳಲ್ಲಿದ್ದ ಆ ತಿಳಿವಳಿಕೆಯನ್ನೇ ಇಂದು ನಾವು ಪ್ರೋಗ್ರಾಮಿನಲ್ಲಿ ಬರೆಯಬೇಕಾಗಿದೆ.

ಕಂಪ್ಯೂಟರಿನ ಲೋಕಕ್ಕೆ ಅಗಲದ ಅಳತೆ ಬಂದದ್ದು ರಟ್ಟಿನ ಕಾರ್ಡಿನಿಂದ. 1928ರಲ್ಲಿ ಐಬಿಎಂ ಕಂಪೆನಿ ತಂದ ತೂತಿನ ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು, ಒಂದು ಕಂಬಕ್ಕೆ ಒಂದು ಅಕ್ಷರ. ಮುಂದೆ ಬಂದ ಎಷ್ಟೋ ಪರದೆಗಳೂ ಮುದ್ರಕಗಳೂ ಆ 80ನ್ನೇ ಹಿಡಿದುಕೊಂಡವು. ನಮ್ಮ ಬ್ಯಾಂಕುಗಳಿಗೆ ಯಂತ್ರಗಳು ಬಂದದ್ದು 1984ರ ರಂಗರಾಜನ್ ಸಮಿತಿ ವರದಿಯ ನಂತರದ ವರ್ಷಗಳಲ್ಲಿ. ಅಗಲದ ಕಾಗದದಲ್ಲಿ 132 ಅಕ್ಷರದ ಸಾಲು, ಕರಕರ ಸದ್ದಿನ ಡಾಟ್ ಮ್ಯಾಟ್ರಿಕ್ಸ್ ಮುದ್ರಕ. ತಾರೀಕಿಗೆ ಇಷ್ಟು, ವಿವರಕ್ಕೆ ಇಷ್ಟು, ಹಣಕ್ಕೆ ಇಷ್ಟು, ಹೆಸರಿಗೆ ಇಷ್ಟು ಎಂದು ಜಾಗ ಗೊತ್ತುಮಾಡಿರುತ್ತಿತ್ತು. ಹಣದ ಅಂಕಣ ಯಾವಾಗಲೂ ಸಾಕಾಗುತ್ತಿತ್ತು. ಸಾಲದೆ ಬರುತ್ತಿದ್ದುದು ಹೆಸರಿನ ಅಂಕಣವೇ.

ದಕ್ಷಿಣ ಕನ್ನಡದ ಹೆಸರುಗಳು ನಿಮಗೆ ಗೊತ್ತು. ಮನೆಯ ಹೆಸರು, ಸ್ವಂತ ಹೆಸರು, ಕುಲದ ಹೆಸರು, ಕೆಲವೊಮ್ಮೆ ಗಂಡನದೋ ತಂದೆಯದೋ ಹೆಸರು. ನಾನು ಕೆಲಸ ಮಾಡಿದ ಒಂದು ಶಾಖೆಗೆ ಗುಡ್ಡದ ಮೇಲಿಂದ ಒಬ್ಬರು ಅಜ್ಜಿ ವಿಧವಾ ವೇತನಕ್ಕಾಗಿ ಬರುತ್ತಿದ್ದರು. ಯಂತ್ರ ಬಂದ ಮೇಲೆ ಅವರ ಪಾಸ್‌ಪುಸ್ತಕದಲ್ಲಿ ಹೆಸರಿನ ಬಾಲ ಮಾಯವಾಯಿತು. ಆ ಪ್ರೋಗ್ರಾಮು ಬರೆದವರು ಅಂಕಣ ತುಂಬಿದ ಕೂಡಲೇ ಮಿಕ್ಕದ್ದನ್ನು ಕತ್ತರಿಸಿ ಬಿಸಾಡು ಎಂದು ಹೇಳಿಟ್ಟಿದ್ದರು. ವೇತನದ ಕಚೇರಿಯಲ್ಲಿ "ಇದು ನಿಮ್ಮ ಹೆಸರಲ್ಲ" ಎಂದು ಅಜ್ಜಿಯನ್ನು ವಾಪಸು ಕಳಿಸಿದರು. ಮೂರು ಸಲ ಬಸ್ಸಿನಲ್ಲಿ ಬಂದು ಹೋದರು ಪಾಪ. ಕೊನೆಗೆ ಮ್ಯಾನೇಜರರ ಅಪ್ಪಣೆ ಪಡೆದು ಉಳಿದ ಹೆಸರನ್ನು ಶಾಯಿಯಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟೆವು. ಕೆಳಗೆ ಖಾಲಿ ಸಾಲು ಇತ್ತು. ಹೆಸರನ್ನು ಅಲ್ಲಿಗೆ ಮಡಚಿದ್ದರೆ ಮುಗಿಯುತ್ತಿತ್ತು.

ಕತ್ತರಿಸುವುದು ಬೇರೆ, ಮಡಚುವುದು ಬೇರೆ. ಪಂಚೆ ಪೆಟ್ಟಿಗೆಗಿಂತ ಉದ್ದ ಎಂದು ಯಾರಾದರೂ ಕತ್ತರಿ ಹಾಕುತ್ತಾರೆಯೇ?

ಮಡಚುವುದರಲ್ಲೂ ಎರಡು ಬಗೆ. ಒಂದು ಬಸ್ಸಿನ ಕಂಡಕ್ಟರರ ಬಗೆ. ಒಂದು ಬೆಂಚಿಗೆ ಆರು ಜನ. ಒಂದೊಂದು ಪದವೂ ಒಂದೊಂದು ಕುಟುಂಬ, ಕುಟುಂಬವನ್ನು ಒಡೆಯುವ ಹಾಗಿಲ್ಲ. ಎರಡು ಕುಟುಂಬಗಳ ನಡುವೆ ಒಂದು ಜಾಗ ಖಾಲಿ ಬಿಡಬೇಕು. ಬಂದವರನ್ನು ಬಂದ ಹಾಗೆ, ಹಿಡಿಯುವಷ್ಟು ಕೂರಿಸುತ್ತ ಹೋಗುವುದು. 'ಅಜ್ಜಿಯ ಕತೆ ನಾನು ಕೇಳುತ್ತಿದ್ದೇನೆ' ಎಂಬ ಸಾಲನ್ನು ಕೂರಿಸೋಣ. ಅಜ್ಜಿಯ ಮೂರು, ಕತೆ ಎರಡು, ನಡುವೆ ಒಂದು, ಬೆಂಚು ಭರ್ತಿ. ಮುಂದಿನ ಬೆಂಚಿನಲ್ಲಿ 'ನಾನು' ಎರಡೇ ಜನ. 'ಕೇಳುತ್ತಿದ್ದೇನೆ' ಐದು ಜನ, ಅವರಿಗೆ ಅಲ್ಲಿ ಜಾಗ ಸಾಲದು, ನಾಲ್ಕು ಸೀಟು ಖಾಲಿ ಉಳಿಯಿತು. ಮೂರನೆಯ ಬೆಂಚಿನಲ್ಲಿ ಒಂದು ಖಾಲಿ. ಒಟ್ಟು ಐದು ಖಾಲಿ.

ಇನ್ನೊಂದು ಬಗೆ, ಎಲ್ಲ ಪ್ರಯಾಣಿಕರನ್ನೂ ಕೆಳಗೇ ನಿಲ್ಲಿಸಿ ಮೊದಲೇ ಯೋಚಿಸುವುದು. ಮೊದಲ ಬೆಂಚಿನಲ್ಲಿ 'ಅಜ್ಜಿಯ' ಮಾತ್ರ, ಎರಡನೆಯದರಲ್ಲಿ 'ಕತೆ ನಾನು', ಮೂರನೆಯದರಲ್ಲಿ 'ಕೇಳುತ್ತಿದ್ದೇನೆ'. ಖಾಲಿ ಜಾಗ ಮೂರು, ಒಂದು, ಒಂದು. ಕೂಡಿಸಿದರೆ ಇದೂ ಐದೇ! ಹಾಗಾದರೆ ಲಾಭವೇನು? ಕಣ್ಣಿಗೆ ಕೆಟ್ಟದಾಗಿ ಕಾಣುವುದು ಒಂದೇ ಕಡೆ ಇರುವ ದೊಡ್ಡ ಖಾಲಿ. ಅದಕ್ಕೆ ದಂಡ ಹೆಚ್ಚು ಹಾಕಬೇಕೆಂದು ಪ್ರತಿ ಖಾಲಿಯನ್ನೂ ಅದರಿಂದಲೇ ಗುಣಿಸಿ ಕೂಡಿಸುತ್ತಾರೆ. ಕಂಡಕ್ಟರರ ಬಗೆಗೆ 0, 16, 1 ಸೇರಿ 17. ಯೋಚಿಸಿದ ಬಗೆಗೆ 9, 1, 1 ಸೇರಿ 11. ಅಮೆರಿಕದ ಗಣಿತಜ್ಞ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚನ್ನು 1977ರಲ್ಲಿ ನೋಡಿ, ಅದರ ಅಂದಗೇಡಿತನಕ್ಕೆ ಬೇಸತ್ತು, ತಾವೇ 'ಟೆಕ್' ಎಂಬ ಅಕ್ಷರಜೋಡಣೆಯ ಪ್ರೋಗ್ರಾಮನ್ನು ಬರೆಯಲು ಕುಳಿತರು. ಇಡೀ ಪ್ಯಾರಾವನ್ನು ಒಟ್ಟಾಗಿ ನೋಡಿ ಸಾಲು ಮುರಿಯುವ ಕ್ರಮವನ್ನು ಮೈಕಲ್ ಪ್ಲಾಸ್ ಜೊತೆ ಸೇರಿ 1981ರಲ್ಲಿ ಪ್ರಕಟಿಸಿದರು. ಅವರ ದಂಡದ ಲೆಕ್ಕ ನಾನು ಹೇಳಿದ್ದಕ್ಕಿಂತ ಸೂಕ್ಷ್ಮ, ಆದರೆ ಯೋಚನೆ ಇದೇ. ಪೈಥಾನಿನ ಸಿದ್ಧ ಸಲಕರಣೆ ಮಾತ್ರ ಕಂಡಕ್ಟರರ ಬಗೆಯದು. ಅದೂ ಐದು ಜನರ 'ಕೇಳುತ್ತಿದ್ದೇನೆ'ಯೊಂದನ್ನೇ ಕೊಟ್ಟರೆ ಹದಿನಾಲ್ಕು ಜನ ಎಂದು ಎಣಿಸಿ, 'ಕೇಳುತ್', 'ತಿದ್ದೇ', 'ನೆ' ಎಂದು ಮೂರು ಬೆಂಚಿಗೆ ಹಂಚಿಬಿಡುತ್ತದೆ.

ಕನ್ನಡದಲ್ಲಿ ಪದಗಳು ಉದ್ದ. ಇಂಗ್ಲಿಷಿನವರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು ಬಾಲಕ್ಕೆ ಬಾಲ ಕಟ್ಟಿ ಒಂದೇ ಪದದಲ್ಲಿ ಹೇಳುತ್ತೇವೆ. ಅಷ್ಟೇ ಅಲ್ಲ, ನಮ್ಮ 'ಇಲ್ಲ', 'ಬೇಡ', 'ಬಾರದು' ಬರುವುದು ಆ ಬಾಲದ ತುದಿಯಲ್ಲಿ. ಮೊಬೈಲಿನ ನೆತ್ತಿಯ ಪಟ್ಟಿಯಲ್ಲಿ ಸಂದೇಶದ ಒಂದೇ ಸಾಲು ಕಾಣಿಸಿ, ಉಳಿದದ್ದಕ್ಕೆ ಮೂರು ಚುಕ್ಕಿ ಇಡುತ್ತಾರಲ್ಲ, ಅಲ್ಲಿ ಹೀಗೊಂದು ಸಾಲು ಬಂತೆಂದು ಇಟ್ಟುಕೊಳ್ಳಿ: 'ನೀರು ಏರುತ್ತಿದೆ, ಮಕ್ಕಳು ಹೊಳೆಯ ಬದಿಗೆ ಹೋಗ…' ಹೋಗಬೇಕೋ, ಹೋಗಬೇಡವೋ? ಇಂಗ್ಲಿಷಿನಲ್ಲಿ ಬೇಡ ಎನ್ನುವ ಮಾತು ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ, ಬಾಲ ಕತ್ತರಿಸಿದರೂ ಎಚ್ಚರಿಕೆ ಉಳಿಯುತ್ತದೆ. ನಮ್ಮಲ್ಲಿ ಬಾಲ ಹೋದರೆ ಜೀವವೇ ಹೋಯಿತು. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಯ ಅಂಗಡಿ, ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಇದು ವ್ಯಾಕರಣದ ತಮಾಷೆಯಾಗಿ ಕಾಣದು.

ಎಸ್ಸೆಮ್ಮೆಸ್ಸಿನ ಅಗಲವೂ ಗೊತ್ತುಮಾಡಿದ್ದೇ. ಒಂದು ಸಂದೇಶದೊಳಗೆ ಇರುವ ಜಾಗ 1120 ಬಿಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ ಸಾಕು, ಭಾಗಿಸಿದರೆ 160. ಕನ್ನಡದ ಒಂದೊಂದು ಚಿಹ್ನೆಗೆ 16 ಬಿಟ್ ಬೇಕು, ಭಾಗಿಸಿದರೆ 70. ಹತ್ತು ಚಿಹ್ನೆಯ ಕಲ್ಲುಗುಂಡಿಯನ್ನು ಏಳು ಸಲ ಬರೆದರೆ ಸಂದೇಶ ಭರ್ತಿ, ಬಾಯಿಯ ಲೆಕ್ಕದಲ್ಲಿ ಬರೀ 28 ಅಕ್ಷರ. 70 ದಾಟಿದರೆ ಅದನ್ನು 67ರ ತುಂಡುಗಳಾಗಿ ಮಾಡಿ, ಯಾವುದರ ನಂತರ ಯಾವುದು ಎಂಬ ಚೀಟಿ ಅಂಟಿಸಿ ಕಳಿಸುತ್ತಾರೆ. ತಲುಪಿದ ಮೊಬೈಲು ಪುನಃ ಜೋಡಿಸುತ್ತದೆ. ಇಲ್ಲಿ ಅಕ್ಷರ ಸೀಳಿದರೂ ಚಿಂತೆಯಿಲ್ಲ, ಏಕೆಂದರೆ ಓದುವವರ ಕಣ್ಣಿಗೆ ಬೀಳುವ ಮೊದಲು ಹೊಲಿಗೆ ಮುಗಿದಿರುತ್ತದೆ.

ಹಾಗಾದರೆ ಕಂಪ್ಯೂಟರಿಗೆ ಕೋಣೆ ಎಣಿಸಲು ಕಲಿಸುವುದು ಹೇಗೆ? ಪುಳ್ಳಿ ಎರಡು ಸಂಜೆ ಕೂತು ಬರೆದಳು. ನಿಯಮ ಸುಲಭ. ಸ್ವರವೋ ವ್ಯಂಜನವೋ ಬಂದರೆ ಹೊಸ ಅಕ್ಷರ ಶುರು. ಕೊಂಬು, ಗುಡಿಸು, ಸೊನ್ನೆ, ವಿಸರ್ಗ, ಅರ್ಧಾಕ್ಷರದ ಚಿಹ್ನೆ ಇವೆಲ್ಲ ಹಿಂದಿನವನ ಜೊತೆಗೇ ಇರಬೇಕು. ವ್ಯಂಜನದ ಹಿಂದೆಯೇ ಅರ್ಧಾಕ್ಷರದ ಚಿಹ್ನೆ ಇದ್ದರೆ ಅದು ಹೊಸ ಅಕ್ಷರವಲ್ಲ, ಒತ್ತು. ಅದೂ ಹಿಂದಿನವನ ಜೊತೆಗೆ. ಇಷ್ಟು ಹೇಳಿದರೆ ಕಲ್ಲುಗುಂಡಿ ನಾಲ್ಕಾಗುತ್ತದೆ. 'ಬ್ಯಾಂಕ್‌ನಲ್ಲಿ' ಎಂಬಂಥ ಪದಗಳಲ್ಲಿ ಕ್ ಮತ್ತು ನ ಕೂಡಿಕೊಳ್ಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ತಡೆಯನ್ನು ಇಟ್ಟಿರುತ್ತಾರೆ. ಅದನ್ನು ಗಮನಿಸುವುದಕ್ಕೆ ಇನ್ನೊಂದು ಸಾಲು ಸೇರಿಸಬೇಕು.

ಇದನ್ನೆಲ್ಲ ಮಕ್ಕಳೇ ಬರೆಯಬೇಕೆ, ದೊಡ್ಡವರು ಮಾಡಿಟ್ಟಿಲ್ಲವೇ ಎಂದರೆ, ಅರ್ಧ ಮಾಡಿದ್ದಾರೆ. ಓದುವವರು ಯಾವುದನ್ನು ಒಂದು ಅಕ್ಷರ ಎಂದು ತಿಳಿಯುತ್ತಾರೆ ಎಂಬುದಕ್ಕೆ ಯೂನಿಕೋಡಿನವರದೇ ನಿಯಮಾವಳಿ ಇದೆ. ಕೊಂಬು, ಗುಡಿಸುಗಳನ್ನು ಅದು ಬೇರೆ ಮಾಡುವುದಿಲ್ಲ. ಒತ್ತಕ್ಷರಗಳನ್ನೂ ಒಡೆಯಬಾರದು ಎಂಬ ನಿಯಮ 2023ರ 15.1ನೆಯ ಆವೃತ್ತಿಯಲ್ಲಿ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಈ ಆರು ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ತೆಲುಗಿನ ಒತ್ತಿಗೂ ನಮ್ಮ ಒತ್ತಿಗೂ ಇರುವ ಹೋಲಿಕೆ ನೋಡಿದರೆ ಇದು ಕೊರಗುವ ವಿಷಯವೇ. ಆ ನಿಯಮವನ್ನು ನಂಬಿದ ಪ್ರೋಗ್ರಾಮು ನಮ್ಮ ಊರನ್ನು 'ಕಲ್' ಎಂದೂ 'ಲುಗುಂಡಿ' ಎಂದೂ ಮುರಿಯಬಲ್ಲದು. ಪುಳ್ಳಿಯ ಎರಡು ಸಂಜೆ ವ್ಯರ್ಥವಲ್ಲ.

ಕನ್ನಡವನ್ನು ಕಂಪ್ಯೂಟರಿಗೆ ಕೂರಿಸಿದ ಹಿರಿಯರಲ್ಲಿ ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ. ಪಿ. ರಾವ್ ಅವರನ್ನು ಇಲ್ಲಿ ನೆನೆಯಬೇಕು. ಅಕ್ಷರವನ್ನು ಹೇಗೆ ಉಚ್ಚರಿಸುತ್ತೇವೆಯೋ ಆ ಕ್ರಮದಲ್ಲೇ ಕೀಲಿ ಒತ್ತುವ ಕೀಲಿಮಣೆಯ ವಿನ್ಯಾಸ ಅವರದು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ಛಂದಸ್ಸಿನ ಮಹಾವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಮಾತ್ರೆ ಎಣಿಸಿದವರ ಹೆಸರನ್ನು ಅಕ್ಷರ ಎಣಿಸುವ ಯಂತ್ರಕ್ಕೆ ಇಟ್ಟದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಎಣಿಕೆ ಸರಿಯಾದರೂ ಒಂದು ತಕರಾರು ಉಳಿಯುತ್ತದೆ. ಕನ್ನಡದ ಅಕ್ಷರಗಳೆಲ್ಲ ಒಂದೇ ಮೈಕಟ್ಟಿನವಲ್ಲ. 'ರ' ತೆಳ್ಳಗೆ ನಿಲ್ಲುತ್ತದೆ, 'ಯೋ' ಕೈಕಾಲು ಚಾಚಿ ಕೂರುತ್ತದೆ. ಆರು ಸೀಟಿನ ಬೆಂಚಿನಲ್ಲಿ ಆರು 'ಯೋ'ಗಳನ್ನು ಕೂರಿಸಲು ಹೊರಟರೆ ಜಗಳವೇ. ಅದಕ್ಕೆ ಪುಸ್ತಕ, ಪತ್ರಿಕೆ ಮಾಡುವ ತಂತ್ರಾಂಶಗಳು ತಲೆ ಎಣಿಸುವುದಿಲ್ಲ, ಪ್ರತಿ ಅಕ್ಷರದ ಅಗಲವನ್ನೇ ಅಳೆದು ಕೂಡಿಸುತ್ತವೆ. ಅಲ್ಲಿಯೂ ಮುರಿಯಬೇಕಾದ ಜಾಗ ಮಾತ್ರ ಅಕ್ಷರದ ಕೊನೆಯೇ.

ಅಜ್ಜಿ ಅಜ್ಜಂದಿರ ಜೊತೆ ಕೂತು ಮಾಡಲು ಒಂದು ಆಟ ಹೇಳುತ್ತೇನೆ. ಲೆಕ್ಕದ ಚೌಕದ ಪುಸ್ತಕ ತೆಗೆದುಕೊಳ್ಳಿ. ಸುತ್ತಲಿನ ಊರುಗಳ ಹೆಸರನ್ನು ಒಬ್ಬರು ಬಾಯಿಯ ಲೆಕ್ಕದಲ್ಲಿ ಚೌಕಕ್ಕೊಂದು ಅಕ್ಷರದಂತೆ ಬರೆಯಲಿ, ಇನ್ನೊಬ್ಬರು ಕಂಪ್ಯೂಟರಿನ ಲೆಕ್ಕದಲ್ಲಿ ಬಿಡಿಸಿ ಬರೆಯಲಿ. ಸುಳ್ಯಕ್ಕೆ ಎರಡು ಚೌಕ, ಬಿಡಿಸಿದರೆ ಐದು. ಸಂಪಾಜೆಗೆ ಮೂರು, ಬಿಡಿಸಿದರೆ ಆರು. ಪುತ್ತೂರಿಗೆ ಮೂರು, ಬಿಡಿಸಿದರೆ ಎಂಟು. ಅರಂತೋಡಿಗೆ ನಾಲ್ಕು, ಬಿಡಿಸಿದರೆ ಏಳು. ಸುಬ್ರಹ್ಮಣ್ಯಕ್ಕೆ ನಾಲ್ಕೇ ಚೌಕ, ಬಿಡಿಸಿದರೆ ಹನ್ನೊಂದು. ನಾಲ್ಕರ ಅಗಲದಲ್ಲಿ ಕಂಪ್ಯೂಟರಿಗೆ ಕೊಟ್ಟರೆ ಅದು 'ಸುಬ್', 'ರಹ್ಮ', 'ಣ್ಯ' ಎಂದು ಮೂರು ಸಾಲು ಮಾಡುತ್ತದೆ. ಇಡೀ ಸುತ್ತಿನಲ್ಲಿ ಅಜ್ಜಿಯ ಲೆಕ್ಕವೂ ಕಂಪ್ಯೂಟರಿನ ಲೆಕ್ಕವೂ ಒಂದೇ ಆಗುವ ಊರು ನನಗೆ ಸಿಕ್ಕಿದ್ದು ಒಂದೇ. ಕಡಬ. ಬಾಯಿಗೂ ಮೂರು, ಯಂತ್ರಕ್ಕೂ ಮೂರು. ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ನಿಮ್ಮ ಕಡೆ ಅಂಥ ಊರು ಯಾವುದಿದೆ, ಹುಡುಕಿ ನೋಡಿ.